ನನ್ನ ನೆತ್ತಿಯ ಗೌಪ್ಯತಾ ನೀತಿ

ಗಂಡಸಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರುವುದು ದೊಡ್ಡ ಮಾತಲ್ಲ. ಆ ಖಾತೆಗೆ ಯಾರ ಮೊಬೈಲ್ ನಂಬರು ಜೋಡಿಸಿದೆ ಎಂಬುದು ಮುಖ್ಯ. ನಮ್ಮ ಜಂಟಿ ಖಾತೆಗೆ ನನ್ನ ಹೆಂಡತಿಯ ನಂಬರು ಜೋಡಿಸಿದೆ. ನಾನು ನನ್ನ ಜೆರಾಕ್ಸ್ ಅಂಗಡಿಯ ಎದುರು ನಿಂತು ಒಂದು ಚಹಾ ಕುಡಿದು ಫೋನಿನಲ್ಲಿ ದುಡ್ಡು ಕೊಟ್ಟರೆ, ಚಹಾ ಗಂಟಲಿನಿಂದ ಇಳಿಯುವ ಮೊದಲೇ ಅವಳ ಫೋನು ಟಿಂಗ್ ಎನ್ನುತ್ತದೆ. ಸಂಜೆ ಚಪ್ಪಲಿ ಬಿಡುವಾಗಲೇ ವಿಚಾರಣೆ.

“ಹನ್ನೊಂದಕ್ಕೆ ಒಂದು ಚಹಾ, ಹನ್ನೊಂದೂ ಕಾಲಿಗೆ ಇನ್ನೊಂದು. ಎರಡನೇದು ಯಾರಿಗ್ರೀ?”

(ಎರಡನೆಯದೂ ನನಗೇ. ಆದರೆ ಹಾಗೆಂದರೆ ಸಕ್ಕರೆ ಕಾಯಿಲೆಯ ಮೇಲೆ ಭಾಷಣ; ಸ್ನೇಹಿತನಿಗೆ ಎಂದರೆ ನನ್ನ ಸ್ನೇಹಿತರ ಮೇಲೆ ಭಾಷಣ. ಮೊದಲನೆಯದು ಚಿಕ್ಕದಾದ್ದರಿಂದ ಅದನ್ನೇ ಆರಿಸಿಕೊಳ್ಳುತ್ತೇನೆ.)

ಚಹಾದ ಮಟ್ಟಿಗೆ ಇದನ್ನು ಸಹಿಸಿಕೊಂಡಿದ್ದೆ. ನಲವತ್ತೆಂಟು ದಾಟಿದ ಗೃಹಸ್ಥನಿಗೆ ಮುಚ್ಚಿಡುವಂಥದ್ದು ಏನು ಮಹಾ ಇರುತ್ತದೆ? ನನಗೂ ಇರಲಿಲ್ಲ, ನನ್ನ ಹೈಸ್ಕೂಲಿನ ಸಹಪಾಠಿಗಳು ಮೂವತ್ತು ವರ್ಷಗಳ ನಂತರ ಒಟ್ಟಿಗೆ ಸೇರಲು ತೀರ್ಮಾನಿಸುವವರೆಗೆ. ಅವರ ಗುಂಪಿನಲ್ಲಿ ಬಂದ ಮೊದಲ ಸಂದೇಶವೇ, “ನಮ್ಮ ಗುಂಗುರು ಬರ್ತಾನಾ?” ಎಂದಿತ್ತು. ಗುಂಗುರು ಎಂದರೆ ನಾನು. ಆಗ ನನ್ನ ತಲೆಯ ಮೇಲೆ ಬಾಚಣಿಗೆ ಇಟ್ಟರೆ ಅದು ಅಲ್ಲೇ ನಿಲ್ಲುತ್ತಿತ್ತು. ಈಗ ನೊಣ ಕೂತರೂ ಜಾರುತ್ತದೆ. ಎರಡು ಕಿವಿಗಳ ಮೇಲೆ ಒಂದಿಷ್ಟು, ಹಿಂಭಾಗದಲ್ಲಿ ಒಂದಿಷ್ಟು. ನಡುವೆ ವಿಶಾಲವಾದ, ನಿರ್ಮಲವಾದ, ಸೂರ್ಯನಿಗೂ ಮುಖ ತೋರಿಸಬಲ್ಲ ಬಯಲು.

ಊರಿನಲ್ಲಿರುವ ಒಂದೇ ಒಂದು ಕೂದಲು ನೆಡುವ ಆಸ್ಪತ್ರೆಗೆ ಟೋಪಿ ಹಾಕಿಕೊಂಡು ಹೋಗಿಬಂದೆ. ವೈದ್ಯರು ಭೂತಗನ್ನಡಿ ಹಿಡಿದು ನನ್ನ ನೆತ್ತಿಯನ್ನು ಜಮೀನು ಸರ್ವೆ ಮಾಡುವವರಂತೆ ನಾಲ್ಕೂ ಕಡೆಯಿಂದ ನೋಡಿದರು. ಹಿಂದಿನಿಂದ ಕಿತ್ತು ಮುಂದೆ ನೆಡಬಹುದು ಎಂದರು. ಖರ್ಚು ಹೇಳಿದಾಗ ಹಿಂದೆ ಉಳಿದಿದ್ದ ಕೂದಲೂ ನೆಟ್ಟಗೆ ನಿಂತವು. ಆದರೂ ಮಾಡಿಸಿಕೊಳ್ಳಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಒಂದೇ ಷರತ್ತು: ಕೆಲಸ ಮುಗಿಯುವವರೆಗೆ ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು.

ಕಾರಣವಿದೆ. ಹಿಂದೊಮ್ಮೆ ನಾನು ಮೀಸೆಗೆ ಬಣ್ಣ ಹಚ್ಚಿಕೊಂಡಿದ್ದೆ. ನಮ್ಮ ಮನೆಯಲ್ಲಿರುವವರು ನಾಲ್ಕೇ ಜನ: ನಾನು, ಹೆಂಡತಿ, ಅವಳ ತಾಯಿ, ಕಾಲೇಜಿಗೆ ಹೋಗುವ ಮಗಳು. ಆ ಮೂವರು ಹೆಂಗಸರು ನಗಲು ಆರಂಭಿಸಿದ್ದು ಒಂದು ಭಾನುವಾರ ಬೆಳಗ್ಗೆ. ನಿಲ್ಲಿಸಿದ್ದು ಬಣ್ಣ ಪೂರ್ತಿ ಮಾಸಿದ ಮೇಲೆ. ಅತ್ತೆಯವರಂತೂ ಹಾಲಿನವನನ್ನು ಒಳಗೆ ಕರೆದು ತೋರಿಸಿದ್ದರು. ಮೀಸೆಗೇ ಇಷ್ಟಾದರೆ ತಲೆಗೆ ಎಷ್ಟಾದೀತು?

ನಗದು ಕೂಡಿಡೋಣವೆಂದರೆ ಮನೆಯಲ್ಲಿ ಅವಳ ಕೈ ಹೋಗದ ಜಾಗವಿಲ್ಲ. ಹಳೆಯ ಬೂಟಿನಲ್ಲಿಟ್ಟದ್ದು ಎರಡೇ ದಿನದಲ್ಲಿ ಸಿಕ್ಕಿತು. ಯಾರೂ ಮುಟ್ಟದ ನಿಘಂಟಿನಲ್ಲಿಟ್ಟೆ. ಮಾರನೆಯ ದಿನವೇ ಮಗಳಿಗೆ ಯಾವುದೋ ಪದದ ಅರ್ಥ ಬೇಕಾಯಿತು.

ಹೀಗಾಗಿ ನಾನು ನಮ್ಮ ಅಂಗಡಿಯ ಎದುರಿನ ಮೊಬೈಲ್ ರಿಪೇರಿಯವನ ಬಳಿ ಹೋದೆ. ಬೀದಿಯವರೆಲ್ಲ ಅವನನ್ನು ಗುಟ್ಟಣ್ಣ ಎನ್ನುತ್ತಾರೆ. ಮಾತು ಶುರುಮಾಡುವ ಮೊದಲು ತನ್ನ ಫೋನನ್ನೂ ಎದುರಿಗಿರುವವರ ಫೋನನ್ನೂ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತುವುದು ಅವನ ಕ್ರಮ. ಗೋಡೆಗೆ ಕಿವಿ ಇದ್ದ ಕಾಲ ಹೋಯಿತು, ಈಗ ಕಿವಿಗೇ ಕಿವಿ ಇದೆ ಎನ್ನುತ್ತಾನೆ.

“ಏನು ವಿಷಯ ಅಂತ ನಂಗೆ ಹೇಳ್ಬೇಡಿ ಸಾರ್,” ಎಂದ, ತುಟಿ ಅಲುಗಾಡಿಸದೆ. “ನಂಗೆ ಗೊತ್ತಿಲ್ದೇ ಇದ್ರೆ ನಾನು ಯಾರಿಗೂ ಹೇಳೋಕಾಗಲ್ಲ. ಯಾರಿಂದ ಮುಚ್ಚಿಡ್ಬೇಕು, ಅಷ್ಟು ಹೇಳಿ.”

“ಮನೆಯವಳಿಂದ.”

“ಸರ್ಕಾರದಿಂದ ಅಂದಿದ್ರೆ ಸುಲಭ ಇತ್ತು,” ಎಂದ.

ಗೌಪ್ಯತೆಯ ಬೆಲೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಯಾರು ಯಜಮಾನನಿಗೆ ಹೇಳದೆ ಬೇರೆ ಕಡೆ ಅರ್ಜಿ ಹಾಕಿದ್ದಾರೆ, ಯಾರ ರಕ್ತದಲ್ಲಿ ಏನು ಹೆಚ್ಚಾಗಿದೆ, ಯಾವ ಅಣ್ಣ ತಮ್ಮಂದಿರು ವಕೀಲರನ್ನು ಹಿಡಿದಿದ್ದಾರೆ ಎಂಬುದೆಲ್ಲ ನನ್ನ ಗಾಜಿನ ಮೇಲೆ ಮಲಗಿ ಎದ್ದು ಹೋಗಿದೆ. ನಾನು ಓದುವುದಿಲ್ಲ, ಕಣ್ಣು ಓದುತ್ತದೆ. ಆದ್ದರಿಂದಲೇ ಗುಟ್ಟಣ್ಣ ಹೇಳಿದ್ದೆಲ್ಲ ನನಗೆ ವೇದವಾಕ್ಯವಾಯಿತು. ಮೊದಲು ಮನೆಯನ್ನು ಭದ್ರಪಡಿಸಬೇಕು, ದುಡ್ಡಿನ ಮಾತು ಆಮೇಲೆ ಎಂದ. ಭದ್ರಪಡಿಸಿದೆ.

ಮೊದಲ ಹೆಜ್ಜೆ ವಿಪಿಎನ್. ಅದನ್ನು ಹಾಕಿದರೆ ಬೇರೆ ಯಾವುದೋ ದೇಶದಲ್ಲಿದ್ದಂತೆ ತೋರುತ್ತದಂತೆ, ನಾವು ಎಲ್ಲಿದ್ದೇವೆಂದು ಯಾರಿಗೂ ತಿಳಿಯುವುದಿಲ್ಲವಂತೆ. ನಾನು ಅತಿ ಉತ್ಸಾಹದಲ್ಲಿ ನನ್ನ ಫೋನಿಗಷ್ಟೇ ಅಲ್ಲ, ಇಡೀ ಮನೆಯ ವೈಫೈಗೇ ಹಾಕಿದೆ. ಸಂಜೆ ಅತ್ತೆಯವರು ಸ್ವೆಟರ್ ತೊಟ್ಟು, ತಲೆಗೆ ಮಫ್ಲರ್ ಸುತ್ತಿಕೊಂಡು, ಬೆವರು ಸುರಿಸುತ್ತ ಟೀವಿಯ ಮುಂದೆ ಕೂತಿದ್ದರು.

“ಏನಾಯ್ತು ಅತ್ತೆ, ಜ್ವರಾನಾ?”

“ಹಿಮ ಬೀಳುತ್ತಂತೆ ಅಳಿಯಂದಿರೇ. ಟೀವಿ ಮೂಲೆಯಲ್ಲಿ ಬರೆದಿದೆ ನೋಡಿ, ಮೈನಸ್ ಒಂಬತ್ತು. ಹೊರಗೆ ನೋಡಿದ್ರೆ ಬಿಸಿಲು ಸುಡ್ತಾ ಇದೆ. ಬೀಳೋ ಮುಂಚೆ ಹೀಗೇ ಸೆಕೆ ಆಗುತ್ತೇನೋ.”

ಹಿಮವನ್ನಾದರೂ ಅವರು ಕ್ಷಮಿಸುತ್ತಿದ್ದರು. ಏಳು ಗಂಟೆಗೆ ಅವರ ಧಾರಾವಾಹಿ ತೆರೆಯಲಿಲ್ಲ. ಈ ಕಾರ್ಯಕ್ರಮ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂದಿತು. ಹಿಂದಿನ ದಿನ ಧಾರಾವಾಹಿಯ ಸೊಸೆ ಬಾವಿಕಟ್ಟೆಯ ಮೇಲೆ ನಿಂತಿದ್ದಳು. “ಹಾರಿದಳೋ ಇಲ್ಲವೋ ಅಂತ ಗೊತ್ತಾಗೋವರೆಗೆ ನಂಗೆ ಊಟ ಬೇಡ,” ಎಂದು ಅತ್ತೆ ಘೋಷಿಸಿದರು. ವಿಪಿಎನ್ ವೈಫೈ ಬಿಟ್ಟು ನನ್ನ ಫೋನಿಗೆ ಇಳಿಯಿತು. (ಹಾರಲಿಲ್ಲ.)

ಎರಡನೆಯ ಹೆಜ್ಜೆ ಪಾಸ್‌ವರ್ಡು. ವೈಫೈಗೆ ಮೂವತ್ತೆರಡು ಅಕ್ಷರಗಳದ್ದೊಂದನ್ನು ಹಾಕಿ ಮಗಳಿಗೆ ಚೀಟಿಯಲ್ಲಿ ಬರೆದುಕೊಟ್ಟೆ.

“ಅಪ್ಪಾ, ಇದು ಪಾಸ್‌ವರ್ಡಾ, ಅಥವಾ ಕೀಬೋರ್ಡ್ ಮೇಲೆ ಬೆಕ್ಕು ಓಡಾಡಿದ್ದಾ?”

“ಇದನ್ನು ಒಡೆಯೋಕೆ ನಾನೂರು ಕೋಟಿ ವರ್ಷ ಬೇಕಂತೆ ಗೊತ್ತಾ?”

“ಟೈಪ್ ಮಾಡೋಕೂ ಅಷ್ಟೇ ಬೇಕು.”

ಮೂರನೆಯದು ತಾನಾಗಿ ಅಳಿಸಿಹೋಗುವ ಸಂದೇಶ. ಮನೆಯ ಗುಂಪನ್ನು ಹೊಸ ಆ್ಯಪಿಗೆ ವರ್ಗಾಯಿಸಿ ಐದು ನಿಮಿಷದ ಆಯುಷ್ಯ ನಿಗದಿ ಮಾಡಿದೆ. ಮರುದಿನ ಹೆಂಡತಿ ಸಾಮಾನಿನ ಪಟ್ಟಿ ಕಳಿಸಿದಳು. ನಾನು ದಿನಸಿ ಅಂಗಡಿ ತಲುಪಿದ್ದು ಆರನೆಯ ನಿಮಿಷಕ್ಕೆ. ನೆನಪಿದ್ದದ್ದು ಸೋಪು ಒಂದೇ. ಉಳಿದ ಹತ್ತು ಸಾಮಾನುಗಳ ಜಾಗಕ್ಕೂ ಸೋಪನ್ನೇ ತಂದೆ.

“ಹನ್ನೊಂದು ಸೋಪು!” ಅವಳು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದಳು. “ಏನ್ರೀ ಇದು? ಅಂಥಾ ಯಾವ ಪಾಪ ತೊಳ್ಕೋಬೇಕಾಗಿದೆ ನಿಮಗೆ?”

ಆ ಪ್ರಶ್ನೆಯ ದನಿ ನನಗೆ ಹಿಡಿಸಲಿಲ್ಲ. ಅಂದಿನಿಂದ ಅವಳು ನನ್ನ ಫೋನಿನ ಕಡೆ ನೋಡುವುದನ್ನೇ ಬಿಟ್ಟಳು. ಸಂಸಾರಸ್ಥರಿಗೆ ಗೊತ್ತಿರುತ್ತದೆ, ಹೆಂಡತಿ ನೋಡಿದರೆ ಅಪಾಯ; ನೋಡದಿದ್ದರೆ ಮಹಾ ಅಪಾಯ.

ಇನ್ನು ದುಡ್ಡು. ಗುಟ್ಟಣ್ಣ ಡಬ್ಬಿಯ ಮುಚ್ಚಳವನ್ನು ಎರಡು ಸಲ ಒತ್ತಿ, ಅತಿ ಖಾಸಗಿಯಾದ ಒಂದು ಡಿಜಿಟಲ್ ನಾಣ್ಯದ ಬಗ್ಗೆ ಹೇಳಿದ. ಬೇರೆ ನಾಣ್ಯಗಳ ವ್ಯವಹಾರ ಊರೆಲ್ಲ ಕಾಣುತ್ತದಂತೆ. ಇದರಲ್ಲಿ ಕೊಟ್ಟವರು, ಪಡೆದವರು, ಎಷ್ಟು ಎಂಬ ಮೂರೂ ಮಾಯ. ಆಸ್ಪತ್ರೆಯವರೂ ಇದನ್ನು ತೆಗೆದುಕೊಳ್ಳುತ್ತಾರೆಂದು ನಾನೇ ವಿಚಾರಿಸಿ ತಿಳಿದುಕೊಂಡೆ. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಟೋಪಿ ಹಾಕಿಕೊಂಡೇ ಬರುವುದರಿಂದ ಅವರಿಗೂ ಇಂಥದ್ದು ಬೇಕಾಗಿತ್ತು. ಅಂಗಡಿಯಲ್ಲಿ ನಗದು ಕೊಡುವ ಗಿರಾಕಿಗಳ ನೋಟುಗಳಲ್ಲಿ ಒಂದೆರಡನ್ನು ಆಗಾಗ ಗುಟ್ಟಣ್ಣನ ಕೈಗಿಟ್ಟೆ. ನನ್ನ ಫೋನಿನೊಳಗಿನ ವಾಲೆಟ್ಟು, ಅಂದರೆ ಕಣ್ಣಿಗೆ ಕಾಣದ ಪರ್ಸು, ಸದ್ದಿಲ್ಲದೆ ದಪ್ಪಗಾಯಿತು. ಆರು ತಿಂಗಳಲ್ಲಿ ನನ್ನ ಮುಂದಲೆಗೆ ಸಾಕಾಗುವಷ್ಟು ಸೇರಿತು.

ಆ ಪರ್ಸಿನ ಕೀಲಿ ಎಂದರೆ ಇಪ್ಪತ್ತೈದು ಇಂಗ್ಲಿಷ್ ಪದಗಳು, ಅದೇ ಕ್ರಮದಲ್ಲಿ. ಒಂದಕ್ಕೊಂದು ಸಂಬಂಧವಿಲ್ಲ: ಕಪ್ಪೆ, ಬಕೆಟ್ಟು, ಸೋದರಮಾವ, ಮಂಜು, ಹೀಗೆ. ಫೋನು ಹಾಳಾದರೂ ಆ ಪದಗಳಿದ್ದವನಿಗೆ ದುಡ್ಡು ಸಿಗುತ್ತದೆ. ಅವು ಯಾರ ಕೈಗೆ ಸಿಕ್ಕರೂ ದುಡ್ಡು ಅವರದ್ದು. “ಫೋಟೋ ತೆಗೀಬೇಡಿ, ಫೋನಲ್ಲಿಡಬೇಡಿ, ಒಂದು ಹಾಳೆಯಲ್ಲಿ ಬರೆದು ಬಚ್ಚಿಡಿ,” ಎಂದಿದ್ದ ಗುಟ್ಟಣ್ಣ. ನನ್ನ ಕೈಬರಹ ಗೊತ್ತಾಗದಂತೆ ದೊಡ್ಡ ಅಕ್ಷರಗಳಲ್ಲಿ ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇಂದು ಈ ಕಥೆ ಹೇಳಬೇಕಾಗುತ್ತಿರಲಿಲ್ಲ.

ಆದರೆ ಕಸುಬು ರಕ್ತಕ್ಕೆ ಇಳಿದಿರುತ್ತದೆ. ಒಂದೇ ಪ್ರತಿ ಇಟ್ಟುಕೊಂಡವನು ಮೂರ್ಖ ಎಂದು ಇಪ್ಪತ್ತು ವರ್ಷ ಗಿರಾಕಿಗಳಿಗೆ ಬುದ್ಧಿ ಹೇಳಿದವನು ನಾನು. ಒಂದು ಮಂಗಳವಾರ, ಅಂಗಡಿ ಖಾಲಿಯಿದ್ದಾಗ, ಆ ಹಾಳೆಯನ್ನು ಯಂತ್ರದ ಗಾಜಿನ ಮೇಲೆ ಮಲಗಿಸಿ ಎರಡು ಪ್ರತಿ ತೆಗೆದೆ. ಒಂದನ್ನು ಬೆಲ್ಟಿನ ಒಳಗೆ, ಇನ್ನೊಂದನ್ನು ಕಾಲುಚೀಲದೊಳಗೆ ಸೇರಿಸಿ, ಇಂಥ ದೂರದೃಷ್ಟಿ ಯಾರಿಗುಂಟು ಎಂದುಕೊಳ್ಳುತ್ತ ಊಟಕ್ಕೆ ಮನೆಗೆ ಹೋದೆ.

ಮೂಲಪ್ರತಿ ಗಾಜಿನ ಮೇಲೆಯೇ ಉಳಿಯಿತು.

ಜೆರಾಕ್ಸ್ ಅಂಗಡಿಗೆ ಬರುವ ಹತ್ತು ಜನರಲ್ಲಿ ಒಬ್ಬರು ಮಾಡುವ ತಪ್ಪು ಇದು. ಪ್ರತಿ ಎತ್ತಿಕೊಂಡು ಹೋಗುತ್ತಾರೆ, ಮೂಲ ಬಿಟ್ಟುಹೋಗುತ್ತಾರೆ. ಅಂಥವರನ್ನು ನಾನು ಎಷ್ಟು ಹಂಗಿಸಿದ್ದೇನೆಂದರೆ ಕೆಲವರು ಅಂಗಡಿಯನ್ನೇ ಬದಲಿಸಿದ್ದಾರೆ. ಹಾಗೆ ಉಳಿದ ಕಾಗದಗಳಿಗೆ ನಾನೇ ಒಂದು ನಿಯಮ ಮಾಡಿದ್ದೆ: ಬೀದಿಗೆ ಕಾಣುವಂತೆ ಮುಂಬಾಗಿಲ ಗಾಜಿಗೆ ಅಂಟಿಸುವುದು, ಮರೆತವರು ನೋಡಿ ಬಂದು ಕೇಳುತ್ತಾರೆ. ನಾನಂತೂ ಆ ಗಾಜಿನ ಕಡೆ ನೋಡುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ನನ್ನ ಊಟದ ಹೊತ್ತಿನಲ್ಲಿ ಅಂಗಡಿ ನೋಡಿಕೊಳ್ಳುವವಳು ಹೆಂಡತಿ. ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡುವ ಕೆಲಸವೂ ಅವಳದೇ. ನಿಯಮ ಪಾಲನೆಯಲ್ಲಿ ಅವಳನ್ನು ಮೀರಿಸುವವರಿಲ್ಲ.

ಶುಕ್ರವಾರ ಅಂಗಡಿಯ ಶಟರು ಎತ್ತಿದ್ದೇ ಪಕ್ಕದ ಅಂಗಡಿಯ ದರ್ಜಿ ಕನ್ನಡಕ ಏರಿಸಿಕೊಂಡು ಗಾಜಿನ ಮುಂದೆ ಬಂದು ನಿಂತ.

“ಇದೇನು ಸಾರ್, ಹೊಸ ಕವಿತೇನಾ? ಮೂರು ದಿನದಿಂದ ಓದ್ತಾ ಇದ್ದೀನಿ. ಕಪ್ಪೆ, ಬಕೆಟ್ಟು, ಸೋದರಮಾವ… ಶುರು ಚೆನ್ನಾಗಿದೆ, ಆಮೇಲೆ ಎಲ್ಲಿಗೆ ಹೋಗುತ್ತೋ ತಿಳಿಯಲ್ಲ.”

ನಾನು ನೋಡಿದೆ. ಒಬ್ಬರ ಅಂಕಪಟ್ಟಿಗೂ ಇನ್ನೊಬ್ಬರ ಎಕ್ಸ್‌ರೇ ವರದಿಗೂ ನಡುವೆ ನನ್ನ ಪರಮರಹಸ್ಯವು ನಾಲ್ಕೂ ಮೂಲೆಗೆ ಟೇಪು ಹಚ್ಚಿಸಿಕೊಂಡು ಬೀದಿಯನ್ನು ನೋಡುತ್ತಿತ್ತು.

“ಯಾರಾದ್ರೂ… ಬೇರೆ ಯಾರಾದ್ರೂ ಓದಿದ್ರಾ?”

“ಸ್ಕೂಲ್ ಮೇಷ್ಟ್ರು ಫೋಟೋ ಹೊಡ್ಕೊಂಡು ಹೋದ್ರು, ಮಕ್ಕಳಿಗೆ ಸ್ಪೆಲಿಂಗ್ ಕೇಳೋಕೆ ಒಳ್ಳೇದಿದೆ ಅಂತ.”

ಒಳಗೆ ಹೋಗಿ ಶಟರನ್ನು ಅರ್ಧ ಎಳೆದು ವಾಲೆಟ್ಟು ತೆರೆದೆ. ಸೊನ್ನೆ. ನನ್ನ ನೆತ್ತಿಯಷ್ಟೇ ನುಣುಪಾದ, ದುಂಡನೆಯ ಸೊನ್ನೆ.

ಗುಟ್ಟಣ್ಣನ ಅಂಗಡಿಗೆ ರಸ್ತೆ ದಾಟಿದ್ದು ನೆನಪಿಲ್ಲ. ಫೋನುಗಳು ಡಬ್ಬಿಗೆ ಹೋದವು.

“ಯಾರು ತೆಗೆದಿದ್ದಾರೆ ಅಂತ ಗೊತ್ತಾಗುತ್ತಾ?”

“ಗೊತ್ತಾಗಲ್ಲ ಸಾರ್.”

“ಎಲ್ಲಿಗೆ ಹೋಗಿದೆ ಅಂತ?”

“ಅದೂ ಇಲ್ಲ. ನಂಗೂ ಗೊತ್ತಾಗಲ್ಲ, ಪೊಲೀಸರಿಗೂ ಇಲ್ಲ.” ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಂತೆ ಕಂಡಿತು. “ಅಷ್ಟು ಒಳ್ಳೇ ಮಾಲು ಕೊಟ್ಟಿದ್ದೀನಿ ನಿಮಗೆ.”

ಅಂದು ರಾತ್ರಿ ಊಟಕ್ಕೆ ಕೂತು ಅನ್ನವನ್ನು ತಟ್ಟೆಯ ಸುತ್ತ ತಿರುಗಿಸುತ್ತಿದ್ದೆ. ದುಃಖ ಹೇಳಿಕೊಳ್ಳಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಕೂದಲು ಬರುತ್ತದೆ.

“ಏನ್ರೀ, ತಲೆ ಮೇಲೆ ಆಕಾಶ ಬಿದ್ದೋರ ಥರ ಕೂತಿದ್ದೀರಲ್ಲ?” ಎಂದಳು ಹೆಂಡತಿ.

ಮನೆಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು. ಆರು ತಿಂಗಳ ಗುಟ್ಟುಗಾರಿಕೆ, ಬೀಗ ಹಾಕಿದ ಫೋನು, ಅಳಿಸಿಹೋಗುವ ಸಂದೇಶ, ಇವೆಲ್ಲಕ್ಕೂ ಮರ್ಯಾದೆಯ ವಿವರಣೆ ಒಂದೇ ಇದೆ ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ಕೂದಲಿಗಾಗಿ ಕದ್ದುಮುಚ್ಚಿ ಓಡಾಡಿದವನು ಎನಿಸಿಕೊಳ್ಳುವುದಕ್ಕಿಂತ ಅದು ಗಂಡಸಿಗೆ ಭೂಷಣ. ತಟ್ಟೆ ಸರಿಸಿ, ದನಿ ತಗ್ಗಿಸಿ ಹೇಳಿದೆ:

“ನಿಮ್ಮೆಲ್ಲರಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನನ್ನ ಬಾಳಿನಲ್ಲಿ… ಇನ್ನೊಬ್ಬಳಿದ್ದಾಳೆ.”

ಅತ್ತೆಗೆ ನೆತ್ತಿಗೆ ಹತ್ತಿತು. ಮಗಳು ಅವರ ಬೆನ್ನು ತಟ್ಟುತ್ತ ತಾನೇ ಮೇಜಿನ ಮೇಲೆ ಬಿದ್ದು ನಗತೊಡಗಿದಳು.

“ಯಾರಮ್ಮಾ ಅವಳು, ಪಾಪ!” ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. “ಅವಳಿಗೆ ಹಿರಿಯರು ಅಂತ ಯಾರೂ ಇಲ್ವಾ?”

“ಅಪ್ಪಾ, ಕೂದಲು ನೆಡಿಸ್ಕೊಳ್ಳೋ ವಿಷಯ ತಾನೇ?” ಎಂದಳು ಮಗಳು.

“ಯಾ… ಯಾವ ಕೂದಲು?”

“ಎರಡು ಕನ್ನಡಿ ಹಿಡ್ಕೊಂಡು, ಬಾಯಲ್ಲಿ ಟಾರ್ಚ್ ಕಚ್ಕೊಂಡು, ದಿನಾ ಸ್ನಾನದ ಮನೆಯಲ್ಲಿ ನೆತ್ತಿ ನೋಡ್ಕೋತೀರಲ್ಲ ಅಳಿಯಂದಿರೇ,” ಎಂದರು ಅತ್ತೆ. “ಮೇಲಿನ ಕಿಟಕಿ ಮುಚ್ಚಲ್ಲ ನೀವು. ಬಟ್ಟೆ ಒಣಗಿಸೋಕೆ ಹೋದಾಗೆಲ್ಲ ಕಾಣುತ್ತೆ.”

ಹೆಂಡತಿ ಮಾತ್ರ ನಗುತ್ತಿರಲಿಲ್ಲ. ಎದ್ದು ಹೋಗಿ ತನ್ನ ಫೋನು ತಂದಳು. “ಗಾಜಿನ ಮೇಲೆ ಆ ಹಾಳೆ ಸಿಕ್ಕಾಗಲೇ ಗೊತ್ತಾಯ್ತು, ನಿಮ್ಮದೇ ಅಂತ. ದೊಡ್ಡಕ್ಷರದಲ್ಲಿ ಬರೆದ್ರೂ ನಿಮ್ಮ ಅಕ್ಷರ ಕುಂಟುತ್ತೇರೀ. ಬೇರೆಯವರ ಕೈಗೆ ಬಿದ್ದರೆ ಕಷ್ಟ ಅಂತ ಅಲ್ಲೇ ಕೂತು ಎಲ್ಲಾ ನನ್ನ ವಾಲೆಟ್‌ಗೆ ಹಾಕ್ಕೊಂಡೆ. ಆಮೇಲೆ ಅಂಟಿಸ್ದೆ. ನಿಯಮ ನಿಯಮ ತಾನೇ?”

“ನಿನ್ನ ವಾಲೆಟ್ಟಾ?”

“ಎರಡು ವರ್ಷ ಆಯ್ತಲ್ಲ. ಟೈಪಿಂಗ್ ದುಡ್ಡೆಲ್ಲ ಗುಟ್ಟಣ್ಣನ ಹತ್ರ ಕೊಟ್ಟು ಅದೇ ತಗೊಳ್ಳೋದು.”

“ಆ ಗುಟ್ಟಣ್ಣ ನಂಗೆ ಒಂದು ಮಾತೂ ಹೇಳಲಿಲ್ಲ!”

“ಹೇಳಿದ್ರೆ ಅವನು ಗುಟ್ಟಣ್ಣ ಹೇಗಾಗ್ತಾನೆ?”

ಎರಡು ವರ್ಷ! ಅವಳ ಫೋನಿಗೆ ಬೀಗವಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟು ಮೆತ್ತಿಕೊಂಡು ಬಿದ್ದಿರುತ್ತಿತ್ತು, ನಾನೇ ಎಷ್ಟು ಸಲ ಎತ್ತಿ ಒರೆಸಿದ್ದೆ. ನಾನು ಕೋಟೆ ಕಟ್ಟಿ ಊರಿಗೆಲ್ಲ ಸುದ್ದಿಯಾದೆ. ಅವಳು ಬಾಗಿಲು ತೆರೆದಿಟ್ಟೇ ಸಾಮ್ರಾಜ್ಯ ಕಟ್ಟಿದ್ದಳು.

“ಈಗ ನನ್ನ ದುಡ್ಡು?” ಎಂದೆ.

“ಆಸ್ಪತ್ರೆಗೆ ಕಟ್ಟಿದ್ದೀನಿ. ಊರಲ್ಲಿರೋದು ಅದೊಂದೇ ಅಲ್ವಾ? ನಿಮಗೆ ಅಷ್ಟು ಆಸೆ ಇದ್ರೆ ಮಾಡಿಸ್ಕೊಳ್ಳಿ, ಯಾರು ಬೇಡ ಅಂತಾರೆ? ಅರ್ಧ ಬೆಲೆಗೆ ಇಳಿಸಿದ್ದೀನಿ. ಉಳಿದಿದ್ದು ನನ್ನತ್ರ ಇರಲಿ.”

ನನ್ನ ಕಣ್ಣು ಒದ್ದೆಯಾಯಿತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಅವಳು ಆಸ್ಪತ್ರೆಯ ಅರ್ಜಿಯನ್ನು ಮುಂದಿಟ್ಟಳು. ಏಳು ಪುಟ, ಇರುವೆಯಂಥ ಅಕ್ಷರ. ಆರು ತಿಂಗಳು ಗೌಪ್ಯತೆಯನ್ನು ಅಧ್ಯಯನ ಮಾಡಿದವನು ನಾನು. ಒಂದಕ್ಷರ ಓದದೆ ಏಳೂ ಪುಟಕ್ಕೆ ಸಹಿ ಹಾಕಿದೆ. ಮರುದಿನವೇ ಆಸ್ಪತ್ರೆಯವರು ನನ್ನನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ ಎಡ, ಬಲ, ಮುಂದೆ, ಮೇಲಿನಿಂದ ಎಂದು ಫೋಟೋ ತೆಗೆದರು. ವೈದ್ಯಕೀಯ ದಾಖಲೆಗೆ ಎಂದು ತಿಳಿದು, ಸಹಕರಿಸಲೆಂದು ಕರವಸ್ತ್ರದಿಂದ ನೆತ್ತಿ ಒರೆಸಿ ಹೊಳಪೂ ಕೊಟ್ಟೆ.

ಅರ್ಧ ಬೆಲೆಯ ರಹಸ್ಯ ತಿಳಿದದ್ದು ಹತ್ತು ದಿನಗಳ ನಂತರ. ನಾನು ಸಿಗ್ನಲಿನಲ್ಲಿ ನಿಂತಿದ್ದೆ. ಮುಂದಿದ್ದ ಸಿಟಿ ಬಸ್ಸಿನ ಹಿಂಭಾಗದಲ್ಲಿ, ಬಸ್ಸಿನಷ್ಟೇ ಅಗಲವಾದ ಒಂದು ತಲೆ ನನ್ನನ್ನು ನೋಡುತ್ತಿತ್ತು. ಕೆಳಗೆ ‘ಮೊದಲು’ ಎಂದು ಬರೆದಿತ್ತು. ಪಕ್ಕದಲ್ಲಿ ‘ನಂತರ’. ನನಗಿನ್ನೂ ನಂತರ ಎಂಬುದೇ ಆಗಿರಲಿಲ್ಲವಾದ್ದರಿಂದ ಅಲ್ಲಿ ದಟ್ಟ ಕೂದಲಿನ ಇನ್ಯಾವನೋ ನಗುತ್ತಿದ್ದ. ಏಳನೆಯ ಪುಟದ ಕೊನೆಯ ಸಾಲಿನಲ್ಲಿ, ಚಿತ್ರಗಳನ್ನು ಪ್ರಚಾರಕ್ಕೆ ಬಳಸಲು ರೋಗಿಯ ಸಂಪೂರ್ಣ ಸಮ್ಮತಿ ಇದೆ ಎಂದಿತ್ತಂತೆ.

ಮುಂದಿನ ವಾರ ನಾನು ಎಲ್ಲೆಲ್ಲೂ ಇದ್ದೆ. ಅತ್ತೆಯವರ ಧಾರಾವಾಹಿಯ ನಡುವೆ ಬಂದೆ. ಅವರು ಅಕ್ಕಪಕ್ಕದವರನ್ನು ಆ ಹೊತ್ತಿಗೆ ಸರಿಯಾಗಿ ಕರೆದು ಕೂರಿಸಿಕೊಂಡರು. ಮಗಳ ಗೆಳತಿಯರ ಫೋನಿನಲ್ಲಿ ಬಂದೆ. ಸಹಪಾಠಿಗಳ ಗುಂಪಿನಲ್ಲಿ ಯಾರೋ ಚಿತ್ರ ಹಾಕಿ, “ಇದು ನಮ್ಮ ಗುಂಗುರು ಥರ ಕಾಣಲ್ವಾ?” ಎಂದರು. ಇಲ್ಲ ಎಂದು ಮೊದಲು ಬರೆದವನು ನಾನೇ. ಗಿರಾಕಿಗಳು ಒಂದು ಪುಟ ಜೆರಾಕ್ಸ್ ನೆಪದಲ್ಲಿ ಬಂದು ತಲೆ ನೋಡಿಕೊಂಡು ಹೋದರು.

ಇರಲಿ, ಕೂದಲು ಬಂದ ಮೇಲೆ ಇವರ ಬಾಯಿ ತಾನಾಗಿ ಮುಚ್ಚುತ್ತದೆ ಎಂದು ಹಲ್ಲು ಕಚ್ಚಿ ದಿನ ಎಣಿಸಿದೆ. ಕೊನೆಗೂ ಆ ಬೆಳಗ್ಗೆ ಬಂತು. ಆಸ್ಪತ್ರೆಯವರು ಹೇಳಿದಂತೆ ತಲೆ ತೊಳೆದು, ಗುಂಡಿಯ ಅಂಗಿ ತೊಟ್ಟು ಹೊಸ್ತಿಲಲ್ಲಿ ನಿಂತೆ. ಹೆಂಡತಿಯ ಫೋನು ಬಡಿದುಕೊಂಡಿತು.

“ಹಲೋ ಡಾಕ್ಟ್ರೇ… ಹ್ಞೂಂ, ಹೊರಟಿದ್ದಾರೆ… ಓ, ಹೌದಾ? ಅಷ್ಟು ಜನ ಬರ್ತಿದ್ದಾರಾ ಅವರ ತಲೆ ನೋಡಿ?… ಅಯ್ಯೋ, ಅಂಥಾ ತಲೆ ಬೇರೆ ಸಿಗಲ್ಲ, ನಂಗೊತ್ತಿಲ್ವಾ!… ಕಟ್ಟಿದ್ದೂ ವಾಪಸ್ಸಾ?… ತಿಂಗಳು ತಿಂಗಳೂ ಬರುತ್ತಾ?… ಸರಿ ಬಿಡಿ, ಒಪ್ಕೊಂಡ ಹಾಗೇ.”

ಫೋನಿಟ್ಟು ನನ್ನ ಕಡೆ ತಿರುಗಿದಳು. “ಚಪ್ಪಲಿ ಬಿಚ್ಚಿ ಒಳಗೆ ಬನ್ನಿ. ಇಷ್ಟು ಒಳ್ಳೇ ‘ಮೊದಲು’ ಅವರಿಗೆ ಈವರೆಗೆ ಸಿಕ್ಕೇ ಇರಲಿಲ್ವಂತೆ. ಇನ್ನೂ ಎರಡು ವರ್ಷ ನೀವು ‘ನಂತರ’ ಆಗೋ ಹಾಗಿಲ್ಲ. ಅದಕ್ಕೆ ತಿಂಗಳಿಗಿಷ್ಟು ಅಂತ ಕೊಡ್ತಾರೆ, ನನ್ನ ವಾಲೆಟ್‌ಗೇ ಬರುತ್ತೆ.”

ನಾನು ಬಾಗಿಲು ಹಿಡಿದುಕೊಂಡೆ. “ಎಷ್ಟು ಕೊಡ್ತಾರಂತೆ?”

ಅವಳು ಫೋನನ್ನು ಕಟ್ಟೆಯ ಮೇಲಿಟ್ಟು ಅಡುಗೆಮನೆಗೆ ನಡೆದಳು.

“ಅದೆಲ್ಲ ಖಾಸಗಿ ವಿಷಯ ಕಣ್ರೀ.”